ದೊಡ್ಡಪ್ಪ ಹಿಡಿದಿಟ್ಟ ಸೀಟು

ನಮ್ಮ ದೊಡ್ಡಪ್ಪ ಮಿಲಿಟರಿಯಿಂದ ರಿಟೈರಾಗಿ ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ಲಡಾಖಿನಿಂದ ಅಸ್ಸಾಮಿನವರೆಗೆ ದೇಶ ಸುತ್ತಿಯಾಗಿತ್ತು. ಜೊತೆಗೆ ತಂದದ್ದೆಲ್ಲ ವರ್ಷದೊಳಗೆ ಊರವರ ಪಾಲಾಯಿತು. ಕಂಬಳಿ ಬೀದಿ ಕೊನೆಯ ಅಜ್ಜಿಗೆ, ಟ್ರಂಕು ಶಾಲೆ ಮೇಷ್ಟರಿಗೆ, ಕ್ಯಾಂಟೀನಿನ ರಮ್ ಬಾಟಲಿಗಳು ಯಾರ್ಯಾರಿಗೋ. ಒಮ್ಮೆ ಅರಕಲಗೂಡಿನ ಮದುವೆಗೆ ಬೂಟು ಹಾಕಿಕೊಂಡು ಹೋದವರು ಬರಿಗಾಲಲ್ಲಿ ವಾಪಸು ಬಂದರು. "ಇಂಗೇ ಬುಟ್ರೆ ನನ್ನೂ ಯಾರಿಗಾರ ಕೊಟ್ಬುಡ್ತಾರೆ" ಎಂದು ದೊಡ್ಡಮ್ಮ ಗೊಣಗುತ್ತಿದ್ದರು.

ಅಂಥ ಮನುಷ್ಯ ಬಸ್ಸಿನಲ್ಲಿ ಮಾತ್ರ ಪಕ್ಕದ ಸೀಟು ಬಿಟ್ಟುಕೊಡುತ್ತಿರಲಿಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗಲೇ ಹೊರಗಿನಿಂದ ಕಿಟಕಿಯೊಳಕ್ಕೆ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಬರುವ ವಿದ್ಯೆ. ದೊಡ್ಡಪ್ಪ ಎರಡು ಸೀಟು ಹಿಡಿದು, ಒಂದರಲ್ಲಿ ತಾವು ಕೂತು, ಇನ್ನೊಂದರ ಮೇಲೆ ಟವೆಲ್ ಹಾಗೇ ಬಿಡುತ್ತಿದ್ದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಬತ್ತಾರೆ ಕಣಪ್ಪ." ಯಾರೂ ಬರುತ್ತಿರಲಿಲ್ಲ. ಕಂಡಕ್ಟರ್ ರೇಗಿದರೆ ಎರಡು ಟಿಕೆಟ್ ಕೊಳ್ಳುತ್ತಿದ್ದರು. ನನಗೋ ನಾಚಿಕೆ, ಗುರುತಿಲ್ಲದವನಂತೆ ಹಿಂದೆ ಹೋಗಿ ಕೂರುತ್ತಿದ್ದೆ.

ಒಂದು ಸಲ ಚನ್ನರಾಯಪಟ್ಟಣದ ಬಸ್ಸು ಹೊರಡುವ ಮುಂಚೆ ಅವರು ಟೀ ಕುಡಿಯಲು ಇಳಿದರು. ಬಸ್ಸು ತುಂಬಿತ್ತು. ಬಸುರಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ನಾನು ಟವೆಲ್ ತೆಗೆದು ಅವಳನ್ನು ಕೂರಿಸಿದೆ. ವಾಪಸು ಬಂದ ದೊಡ್ಡಪ್ಪ ಬೈಯಲಿಲ್ಲ. ಟವೆಲನ್ನು ನನ್ನ ಕೈಯಿಂದ ಇಸಿದುಕೊಂಡು, ತಮ್ಮ ಸೀಟಿನಲ್ಲೂ ಕೂರದೆ, ದಾರಿಯುದ್ದಕ್ಕೂ ನಿಂತೇ ಬಂದರು.

ಇಳಿದ ಮೇಲೆ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಹೇಳಿದರು. ಸೈನ್ಯದಲ್ಲಿ ಅವರಿಗೆ ನುಗ್ಗೇಹಳ್ಳಿಯ ಗೆಳೆಯನೊಬ್ಬನಿದ್ದ. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿ, ಲಾರಿಗಳಲ್ಲಿ ಬೆಟ್ಟ ಇಳಿಯಬೇಕಿತ್ತು. ದೊಡ್ಡಪ್ಪ ಮುಂದಿನ ಲಾರಿಯಲ್ಲಿದ್ದರು, ಗೆಳೆಯ ಆಗಲೇ ಹಿಂದಿನ ಲಾರಿ ಹತ್ತಿ ಕೂತಿದ್ದ.

"ಊರ್ ಬುದ್ಧಿ ಎಲ್ಲೋಯ್ತದೆ ಮಗಾ? ಬೆಂಚಿನ ಮ್ಯಾಲೆ ಟವಲ್ ಆಕಿ, 'ಬಾರ್ಲಾ, ನಿಂಗೆ ಸೀಟ್ ಹಿಡ್ದಿವ್ನಿ' ಅಂತ ಕೂಗ್ದೆ. ನಗ್ತಾ ಇಳ್ದು ಬಂದ. ಮೂರ್ನೇ ತಿರುವ್ನಲ್ಲಿ ನಮ್ ಲಾರಿ ಕಣಿವೆಗೆ ಬಿತ್ತು. ನಾನು ಆಚೆ ಎಗರಿ ಬಿದ್ದೆ, ಅವ್ನು ಒಳಗೇ ಉಳ್ದ. ಹಿಂದ್ಲ ಲಾರಿಗೆ ಏನೂ ಆಗ್ನಿಲ್ಲ ಕಣ್ಲಾ."

ತಿಂಗಳಿಗೊಮ್ಮೆ ಅವರು ಆ ಗೆಳೆಯನ ಹೆಂಡತಿಯ ಮನೆಗೆ ಸಾಮಾನು ಹೊತ್ತು ಹೋಗುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು. ತಾವು ಕೂಗಿ ಕರೆದ ಸಂಗತಿ ಮಾತ್ರ ಆಕೆಗೆ ಹೇಳಿರಲಿಲ್ಲ. ಹೋದ ವರ್ಷ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದು, "ನನ್ ಕೈಲಿ ಆಗ್ನಿಲ್ಲ. ನೀನಾರ ಆಯಮ್ಮಂಗೆ ಯೋಳ್ಬುಡು" ಎಂದರು. ಮಾತು ಕೊಟ್ಟೆ.

ತಿಥಿ ಕಳೆದ ಮೇಲೆ ಅವರ ಟವೆಲನ್ನು ಚೀಲದಲ್ಲಿಟ್ಟುಕೊಂಡು ನುಗ್ಗೇಹಳ್ಳಿಗೆ ಹೋದೆ. ಆಕೆ ಜಗಲಿಯಲ್ಲಿ ಕೂತು ಕೊಬ್ಬರಿ ಬಿಡಿಸುತ್ತಿದ್ದರು. ಟವೆಲ್ ತೆಗೆದು ಕೊಟ್ಟ ಕೂಡಲೇ ಕಣ್ಣಿಗೊತ್ತಿಕೊಂಡರು.

"ನಮ್ಮನೆಯವ್ರು ನಿಮ್ ದೊಡ್ಡಪ್ಪಾರ್ ಬಗ್ಗೆ ಬರ್ದಿದ್ರು ಕಣಪ್ಪ. 'ಎಲ್ಲೋದ್ರೂ ಅಣ್ಣ ನಂಗೊಂದ್ ಸೀಟ್ ಹಿಡ್ದಿರ್ತಾನೆ, ನೀನು ಎದರ್ಕಬ್ಯಾಡ' ಅಂತ. ಆ ಕಾಗ್ದ ಇನ್ನೂ ಮಡಗಿವ್ನಿ."

ಟವೆಲನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಕಾಫಿ ಕುಡಿದು, ಏನೂ ಹೇಳದೆ ಎದ್ದು ಬಂದೆ. ಹೇಡಿ ಎಂದು ನನ್ನನ್ನು ನಾನೇ ಬೈದುಕೊಂಡೆ, ಈಗಲೂ ಬೈದುಕೊಳ್ಳುತ್ತೇನೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಕೂತೆ. ಟವೆಲಿದ್ದ ಚೀಲ ಪಕ್ಕದ ಸೀಟಿನ ಮೇಲಿತ್ತು. ಜನ ನುಗ್ಗಿದರು. ವಯಸ್ಸಾದವರೊಬ್ಬರು ಬಳಿ ಬಂದು, "ಇಲ್ಲಿ ಯಾರಾರ ಬತ್ತಾರಾ ಸಾ?" ಎಂದು ಕೇಳಿದರು.

ಚೀಲ ಎತ್ತಿಕೊಳ್ಳಲೆಂದು ಕೈ ಚಾಚಿದೆ. ಎತ್ತಲಾಗಲಿಲ್ಲ.

"ಬತ್ತಾರೆ" ಎಂದೆ.