ಹಸಿರು ದೀಪವನ್ನು ನಂಬದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಂಪ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ‘ಟೈಮರ್ ಅಕ್ಕ’ ಆಗಲೇ ಕೂತಿದ್ದಾರೆ. ಮುಂದೆ ಬಿಚ್ಚಿಟ್ಟ ಔಷಧಿ ಪಂಪ್, ಪಕ್ಕದಲ್ಲಿ ಆರಿಹೋದ ಚಹಾ. ರೋಗಿಯ ಮೈಗೆ ಹನಿಹನಿಯಾಗಿ ಮದ್ದು ಹರಿಸುವ ಈ ಪುಟ್ಟ ಯಂತ್ರದ ಚಿಪ್ ಸತ್ತಿದೆ. ಹೊಸದನ್ನು ಕೂರಿಸಿ, ಅದರೊಳಗಿನ ಟೈಮರನ್ನು ಹದಕ್ಕೆ ತರುವುದು ಇವರ ಕೆಲಸ. ಎಷ್ಟು ಹೊತ್ತಿಗೊಮ್ಮೆ ಮೋಟಾರು ತಿರುಗಬೇಕೆಂದು ಹೇಳುವುದು ಆ ಟೈಮರ್.

“ಚಿಪ್ ಮಾಡಿದವರೇ ಡ್ರೈವರ್ ಲೈಬ್ರರಿ, ಅಂದ್ರೆ ಚಿಪ್ಪನ್ನ ನಡೆಸೋ ಸಿದ್ಧ ಪ್ರೋಗ್ರಾಮ್ ಕೊಟ್ಟಿರ್ತಾರೆ. ಚಿಪ್ಪಿನ ಗಡಿಯಾರದ ಓಟ ತುಂಬಾ ಜೋರು. ಅದನ್ನ ಎಷ್ಟರಿಂದ ಭಾಗಿಸ್ಬೇಕು, ಎಲ್ಲೀವರೆಗೆ ಎಣಿಸ್ಬೇಕು ಅಂತ ನಾವು ತುಂಬಿದ್ರೆ ಸಾಕು. ಒಳಗಿನ ತಲೆನೋವೆಲ್ಲ ಲೈಬ್ರರಿದು,” ಎನ್ನುತ್ತಾರೆ. ಬರೆದುಕೊಳ್ಳುತ್ತಾ ಕೂತ ನನ್ನ ಮುಖ ನೋಡಿ, “ಅರ್ಥ ಆಗ್ಲಿಲ್ಲ ಅಲ್ವಾ? ಬಿಡಿ, ನಮ್ಮ ಓನರ್‌ಗೂ ಆಗಿಲ್ಲ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಯಾಕೆಂದರೆ ಈ ಪಂಪ್ ಅವರ ತಮ್ಮನದು. ಮೂಳೆಗೆ ಇಳಿದ ಕ್ಯಾನ್ಸರ್, ಹಾಸಿಗೆ ಹಿಡಿದಿದ್ದಾನೆ. ವಾಸಿಯಾಗುವ ಮಾತಿಲ್ಲ. ನೋವಿನ ಮದ್ದು ನಿಲ್ಲದೆ ಹೋಗುತ್ತಿರಬೇಕು, ಅಷ್ಟೇ. ಸದ್ಯಕ್ಕೆಂದು ಆಸ್ಪತ್ರೆ ಕೊಟ್ಟ ಬೇರೆ ಪಂಪನ್ನು ಇವತ್ತು ವಾಪಸ್ ಮಾಡಲೇಬೇಕು.

ಹಿಂದೊಮ್ಮೆ ಇದೇ ಪಂಪ್ ಕೈಕೊಟ್ಟಾಗ ಅಕ್ಕ ಎಡವಿದ್ದರು. ಲೈಬ್ರರಿಯಲ್ಲಿ ಟೈಮರನ್ನು ಸಜ್ಜು ಮಾಡಲು ಒಂದು ಸಾಲು, ಶುರು ಮಾಡಲು ಇನ್ನೊಂದು ಸಾಲು ಬರೆಯಬೇಕು.

“ಎರಡನೇದು ಬರೆಯೋದೇ ಮರ್ತೆ. ಕರೆಂಟ್ ಇದ್ರೆ ಸಾಕು, ಹಸಿರು ದೀಪ ಹತ್ಕೊಳ್ಳುತ್ತೆ. ಅದನ್ನ ನೋಡಿ ಸರಿಹೋಯ್ತು ಅಂದ್ಕೊಂಡು ಅವನಿಗೆ ಹಾಕಿ ಕೆಲಸಕ್ಕೆ ಬಂದ್ಬಿಟ್ಟೆ. ಸಂಜೆ ಹೋಗಿ ನೋಡ್ತೀನಿ, ಮದ್ದು ತುಂಬಿದ ಹಾಗೇ ಇದೆ. ದಿಂಬಿನ ಮೂಲೆ ಕಚ್ಚಿ ಹರಿದುಹಾಕಿದಾನೆ. ‘ಯಾಕೋ ಫೋನ್ ಮಾಡ್ಲಿಲ್ಲ?’ ಅಂದ್ರೆ, ‘ದೀಪ ಉರೀತಿತ್ತಲ್ಲಕ್ಕಾ, ನೀನು ಮಾಡಿದ್ದು ಕೆಡುತ್ತಾ? ನನ್ನ ನೋವೇ ಜಾಸ್ತಿ ಆಗಿದೆ ಅಂದ್ಕೊಂಡೆ’ ಅಂದ.”

ನಾನು ಬರೆದುಕೊಳ್ಳುವುದನ್ನು ನಿಲ್ಲಿಸುತ್ತೇನೆ.

ಅಂದಿನಿಂದ ಅವರು ದೀಪದ ಕಡೆ ನೋಡುವುದೇ ಇಲ್ಲ. ಮೋಟಾರಿನ ಮೇಲೆ ಬೆರಳಿಟ್ಟು ಅದು ಅದುರುತ್ತಿದೆಯೇ ಎಂದು ನೋಡುತ್ತಾರೆ. ಮದ್ದಿನ ಬದಲು ನೀರು ತುಂಬಿ ಅಳತೆಯ ಲೋಟಕ್ಕೆ ಹರಿಸುತ್ತಾರೆ. ಈಗಲೂ ಹನಿ ಬೀಳುತ್ತಿದೆ, ಅಳತೆ ಸರಿಯಾಗಿದೆ. ಆದರೂ, “ಇನ್ನೊಂದ್ಸಲ ನೋಡ್ಬಿಡ್ತೀನಿ ಇರಿ,” ಎಂದು ಲೋಟ ಖಾಲಿ ಮಾಡುತ್ತಾರೆ.

ತಮ್ಮ ಉಳಿಯುತ್ತಾನೆಂಬ ಆಸೆಯನ್ನು ಅವರು ಬಿಟ್ಟಿದ್ದಾರೆ. ಹಾಗಾದರೆ ಮತ್ತೇನು ಬೇಕು ಎಂದು ಕೇಳುತ್ತೇನೆ.

“ನೋವಾದ್ರೆ ನನ್ನನ್ನ ಬಾಯಿಗೆ ಬಂದ ಹಾಗೆ ಬೈಯೋ ಅಂತ ಹೇಳಿದೀನಿ. ಒಂದ್ಸಲ ಬೈದ್ರೆ ನಂಗೆ ನಿದ್ದೆ ಬರುತ್ತೆ. ಏನ್ ಮಾಡ್ಲಿ ಹೇಳಿ, ಅವನು ಬೈಯೋದೇ ಇಲ್ಲ, ಇನ್ನೂ ನನ್ನನ್ನ ನಂಬ್ತಾನೆ.”