ಸಿಹಿನೀರಿನ ನಲ್ಲಿ

ಶಾಂತಸಾಗರದ ಈ ಪುಟ್ಟ ದ್ವೀಪದಲ್ಲಿ ಹಾಯಿದೋಣಿಯವರು ಸೇರುವುದು ಬಾರಿನಲ್ಲಿ ಅಂದುಕೊಂಡಿದ್ದೆ. ಅಲ್ಲ, ದಂಡೆಯಲ್ಲಿರುವ ಒಂದೇ ಒಂದು ಸಿಹಿನೀರಿನ ನಲ್ಲಿಯ ಬಳಿ. ಕ್ಯಾನು ತುಂಬುವವರೆಗೆ ಹರಟೆ.

ನನ್ನ ಹೆಂಡತಿ ಶೈಲಜಾ ಇಂಗ್ಲೆಂಡಿನ ಎಜ್‌ಬಾಸ್ಟನ್ನಿನಲ್ಲಿ ಡಾಕ್ಟರ್ ಎಂದು ತಿಳಿದದ್ದೇ ತಡ, ನೀರು ಹಿಡಿಯುತ್ತಿದ್ದ ಲೀಡ್ಸ್‌ನ ಮುದುಕ ನಗುತ್ತಲೇ ಕತ್ತಿನ ಗಡ್ಡೆ ತೋರಿಸಿದ. ಮುಟ್ಟಿ ನೋಡಿದವಳ ಮುಖ ಕಪ್ಪಿಟ್ಟಿತು.

“ಇದು ಒಳ್ಳೇದಲ್ಲ ಕಣ್ರೀ, ತುಂಬಾ ಲೇಟಾಗಿದೆ,” ಎಂದು ನನಗೆ ಕನ್ನಡದಲ್ಲಿ ಹೇಳಿದಳು. ಅವನಿಗೆ ಮಾತ್ರ, ನೀವು ಕೂಡಲೇ ಊರಿಗೆ ಹೊರಡಿ, ಅಲ್ಲಿನ ಆಸ್ಪತ್ರೆಗೆ ಪತ್ರ ಬರೆದುಕೊಡುತ್ತೇನೆ ಎಂದಳು. ಪೆನ್ನು ತೆಗೆದು, ಅಭ್ಯಾಸಬಲದಿಂದ ಮನೆಯ ಪೋಸ್ಟ್‌ಕೋಡ್ ಕೇಳಿದಳು.

ಮನೆ ಮಾರಿ ದೋಣಿ ಕೊಂಡಿದ್ದ ಮುದುಕ, ಲಂಗರು ಹಾಕಿ ನಿಂತಿದ್ದ ಅದರತ್ತ ಬೆರಳು ತೋರಿಸಿದ.

ಕ್ಯಾನು ತುಂಬಿ ಹರಿಯುತ್ತಿತ್ತು. ನೀರು ಪೋಲಾಗುತ್ತಿದೆಯೆಂದು ಸಾಲಿನವರು ಗದರಿದರು. ಅವನು ಸಾರಿ ಹೇಳಿ ನಲ್ಲಿ ನಿಲ್ಲಿಸಿದ.