ಕೆಂಪು ದಾರದ ಗಂಟು

ಆರ್.ಕೆ.ಪುರಂ ಮಾರ್ಕೆಟ್ಟಿನ ಹಿಂದೆ ಬೇವಿನ ಮರದಡಿ ಕೂರುತ್ತಿದ್ದ ಕಾರ್ ಎಲೆಕ್ಟ್ರಿಷಿಯನ್ ಯಾವ ಗಾಡಿಯೊಳಗೆ ತಲೆ ಹಾಕಿದರೂ ನಿಟ್ಟುಸಿರು ಬಿಟ್ಟು, "ಯೇ ಕಿಸ್ನೆ ಕಿಯಾ?" ಎನ್ನುತ್ತಿದ್ದ. ಇದನ್ನು ಯಾರು ಮಾಡಿದ್ದು ಎಂದು. ದೆಹಲಿಯ ಸೆಕೆಗೆ ಟೇಪು ಬಿಟ್ಟುಕೊಳ್ಳುತ್ತದೆಂದು ತಾನು ಜೋಡಿಸಿದ ತಂತಿಗಳಿಗೆಲ್ಲ ಟೇಪಿನ ಮೇಲೊಂದು ಕೆಂಪು ದಾರ ಕಟ್ಟುತ್ತಿದ್ದ.

ನಾನು ಕೊಂಡ ಹಳೆಯ ಕಾರಿಗೆ ಹಿಂದಿನ ಮಾಲೀಕರು ಸಿ.ಡಿ. ಪ್ಲೇಯರ್ ಹಾಕಿಸಿದ್ದರು. ಬೆಳಗಾದರೆ ಬ್ಯಾಟರಿ ಸತ್ತಿರುತ್ತಿತ್ತು, ತಳ್ಳಿ ತಳ್ಳಿ ನನಗೆ ಸಾಕಾಗಿತ್ತು. ಎರಡು ಭಾನುವಾರ ಆ ಎಲೆಕ್ಟ್ರಿಷಿಯನ್ ಒಂದೊಂದೇ ಫ್ಯೂಸ್ ಕಿತ್ತು ಹುಡುಕಿದ, ಪ್ಲೇಯರ್ ಹಾಕಿದವನನ್ನು ಬೈಯುತ್ತಲೇ. ಮೂರನೆಯ ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗೆ ಬೈಗುಳ ನಿಂತಿತು.

"ಮಿಲಾ, ಭಯ್ಯಾ?" ಸಿಕ್ಕಿತೇ ಎಂದು ಬಗ್ಗಿದೆ. ಕೀ ತೆಗೆದ ಮೇಲೂ ಕರೆಂಟ್ ಎಳೆಯುತ್ತಿದ್ದ ಪ್ಲೇಯರಿನ ಜೋಡಣೆಯ ಮೇಲೆ ಮಾಸಿದ ಕೆಂಪು ದಾರವಿತ್ತು.

ಅವನು ದಾರ ಕತ್ತರಿಸಿ, ತಂತಿಯನ್ನು ಸರಿಯಾದ ಜಾಗಕ್ಕೆ ಸೇರಿಸಿ ಟೇಪು ಸುತ್ತಿದ. ಈ ಸಲ ದಾರ ಕಟ್ಟಲಿಲ್ಲ.